ಎಂಬತ್ತೈದರ ಲೆನ್ಸು, ಹತ್ತಡಿಯ ಕೋಣೆ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಅಜ್ಜಿ ಫೋಟೋ ತೆಗೆಸಿಕೊಳ್ಳಲು ಒಪ್ಪಿದರು.

ಮೊಮ್ಮಗ, ಬಸ್ ಡಿಪೋದ ವೇಳಾಪಟ್ಟಿ ಗುಮಾಸ್ತ, ಆಗ ಹಲ್ಲುಜ್ಜುತ್ತಿದ್ದ. ನೊರೆ ತುಂಬಿದ ಬಾಯಲ್ಲೇ ಓಡಿಬಂದ. ಅಜ್ಜಿಗೆ ಎಂಬತ್ತೆಂಟು ವರ್ಷ. ಮದುವೆಯ ಫೋಟೋದಲ್ಲಿ ಅವರು ಕಣ್ಣು ಮುಚ್ಚಿದ್ದರು. ನೆಂಟರೆಲ್ಲ ನಕ್ಕಿದ್ದರು. ಅಂದಿನಿಂದ ಕ್ಯಾಮೆರಾ ಕಂಡರೆ ಬೆನ್ನು ತಿರುಗಿಸುತ್ತಿದ್ದರು. ಗುರುತಿನ ಚೀಟಿಯಲ್ಲಿ ಒಂದು ಚಿತ್ರವಿರುವುದು ನಿಜ. ಅದು ಅಜ್ಜಿಯದೆಂದು ಚೀಟಿ ಕೊಟ್ಟ ಕಚೇರಿಯ ಹೊರತು ಬೇರೆ ಯಾರೂ ಒಪ್ಪುವುದಿಲ್ಲ.

"ಒಂದೇ ಒಂದು," ಅಂದರು ಅಜ್ಜಿ. "ನಾಲ್ಕು ಗಂಟೆಗೆ. ಒಳಗೆ, ನನ್ನ ಕುರ್ಚೀಲಿ. ಹಿಂದೆ ಅವರೂ ಕಾಣ್ಬೇಕು. ಇನ್ನೊಂದು ಅಂದ್ಯೋ, ಎದ್ದು ಹೋಗ್ತೀನಿ."

ಅವರು ಎಂದರೆ ತಾತ. ಹಿಂದಿನ ಗೋಡೆಯ ಮೇಲೆ, ಕನ್ನಡಿಯ ಬೀರುವಿನ ಪಕ್ಕ, ಅಂಗೈಯಗಲದ ಚೌಕಟ್ಟಿನಲ್ಲಿ ಇಪ್ಪತ್ತು ವರ್ಷಗಳಿಂದ ಇದ್ದಾರೆ.

ಗುಮಾಸ್ತ ರಜೆ ಹಾಕಿದ. ಅವನ ಬಳಿ ಮಿರರ್‌ಲೆಸ್ ಕ್ಯಾಮೆರಾ ಇತ್ತು. ಜೊತೆಗೆ ಬಂದ ಲೆನ್ಸಿನಲ್ಲಿ ಮಾತ್ರ ಅಜ್ಜಿಯ ಮಬ್ಬು ಕೋಣೆಯೊಳಗೆ ಯಾರನ್ನು ತೆಗೆದರೂ ಮುಖಕ್ಕೆ ರವೆ ಚೆಲ್ಲಿದಂತೆ ಕಾಣಿಸುತ್ತಿತ್ತು. ಮುಖ ತೆಗೆಯಲೆಂದೇ ಇರುವ, ಜೂಮ್ ಇಲ್ಲದ, ಕೈಗೆಟುಕುವ ಬೆಲೆಯ ಪ್ರೈಮ್ ಲೆನ್ಸು ಒಂದು ಬೇಕು ಎಂದು ಅವನು ಎರಡು ವರ್ಷದಿಂದ ಹುಡುಕುತ್ತಿದ್ದ. ನೂರಾ ನಲವತ್ತು ವಿಮರ್ಶೆ ಓದಿ, ಒಂದು ನೋಟ್‌ಬುಕ್ ತುಂಬಿಸಿ, ಕೊನೆಗೆ ಎರಡಕ್ಕೆ ಬಂದು ನಿಂತಿದ್ದ: ಐವತ್ತು ಮಿಲಿಮೀಟರಿನದೋ, ಎಂಬತ್ತೈದರದೋ?

ಎಂಟೂವರೆಗೆ ಸುದ್ದಿ ಮಹಡಿಯ ಮೇಲಿನ ಮೇಷ್ಟ್ರಿಗೂ ಎದುರಿನ ಟೈಲರಿಗೂ ಮುಟ್ಟಿತು.

"ಇಷ್ಟಕ್ಕೆಲ್ಲ ಲೆನ್ಸ್ ಯಾಕಯ್ಯಾ?" ಅಂದರು ಮೇಷ್ಟ್ರು. "ನನ್ನ ಫೋನಲ್ಲಿ ಚಂದ್ರನೇ ಬರ್ತಾನೆ."

"ಮೇಷ್ಟ್ರೇ, ಅದು ಚಂದ್ರ ಅಲ್ಲ, ಬೀದಿ ದೀಪ. ಹೋದ ತಿಂಗಳೇ ಹೇಳಿದ್ದೀನಿ," ಅಂದ ಟೈಲರ್. ಕುತ್ತಿಗೆಯ ಟೇಪು ತೆಗೆದು, ಯಾರೂ ಕೇಳದಿದ್ದರೂ ಕೋಣೆ ಅಳೆದ. "ಹತ್ತಡಿ. ಕುರ್ಚಿಯಿಂದ ಬಾಗಿಲಿಗೆ ಐದೇ ಅಡಿ. ನೀವು ತರೋ ಸಾಮಾನು ಇಷ್ಟರೊಳಗೆ ಕೂರುತ್ತೇನಣ್ಣಾ?"

"ಲೆನ್ಸು ಪ್ಯಾಂಟಲ್ಲಪ್ಪಾ," ಎಂದು ಗುಮಾಸ್ತ ಚಪ್ಪಲಿ ಮೆಟ್ಟಿದ. ಅರವತ್ತೆರಡು ಬಸ್ ಮಾರ್ಗಗಳ ದೂರ ಅವನಿಗೆ ಬಾಯಿಪಾಠ. ಸ್ವಂತ ಕೋಣೆಯ ಅಳತೆ ಮಾತ್ರ ಅವನ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೊರಟಿತು.

ಹನ್ನೊಂದಕ್ಕೆ ಅಂಗಡಿಯವನು ಎರಡನ್ನೂ ಗಾಜಿನ ಮೇಜಿನ ಮೇಲಿಟ್ಟ. ಐವತ್ತರದು ಪುಟ್ಟದು, ಹೊಸದು. ಎಂಬತ್ತೈದರದು ಯಾರೋ ಬಳಸಿ ಬಿಟ್ಟದ್ದು, ಹೊರಮೈಗೆ ಒಂದು ಗೀರು, ಅದಕ್ಕೇ ಅಗ್ಗ. ಗುಮಾಸ್ತ ಎಂಬತ್ತೈದನ್ನು ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿ, ರಸ್ತೆಯಾಚೆ ನಿಂತಿದ್ದ ಕಾವಲುಗಾರನ ಕಡೆ ಹಿಡಿದ.

ಹಿಡಿದವನು ಉಸಿರಾಡುವುದನ್ನು ಮರೆತ. ಕಾವಲುಗಾರನ ಮೀಸೆಯ ಕೂದಲು ಒಂದೊಂದೂ ಎಣಿಸುವಂತಿತ್ತು. ಅವನ ಹಿಂದಿದ್ದ ತಂತಿ, ಫಲಕ, ಹರಕು ಭಿತ್ತಿಪತ್ರ ಎಲ್ಲವೂ ಕರಗಿ, ಹಾಲಿಗೆ ಬಣ್ಣ ಬಿದ್ದ ಹಾಗೆ ಹರಡಿತ್ತು. ದಿನವೂ ಹಾದುಹೋಗುವ ಬೀದಿ ಅದು. ಅದರಲ್ಲಿ ಇಷ್ಟು ಗಂಭೀರವಾದ ಒಂದು ಮುಖ ಇದೆಯೆಂದು ಗುಮಾಸ್ತನಿಗೆ ಗೊತ್ತೇ ಇರಲಿಲ್ಲ.

"ನಿಮ್ಮ ಕೋಣೆ ಎಷ್ಟು ದೊಡ್ಡದು ಸಾರ್? ಇದಕ್ಕೆ ಜಾಗ ಬೇಕು," ಅಂದ ಅಂಗಡಿಯವನು. "ಒಳಗೆ ತೆಗೆಯೋದಾದ್ರೆ ಐವತ್ತೇ ಸಾಕು."

"ಜಾಗ ಇದೆ," ಅಂದ ಗುಮಾಸ್ತ, ಇನ್ನೂ ಮೀಸೆಯಲ್ಲೇ ಇದ್ದವನು.

ನಾಲ್ಕಕ್ಕೆ ಐದು ನಿಮಿಷ. ಗುಮಾಸ್ತನ ಹೆಂಡತಿ ನೆಲ ಒರೆಸಿ ಮುಗಿಸಿ, ಬಕೆಟ್ಟನ್ನು ಬಾಗಿಲಾಚೆಯ ಮೆಟ್ಟಿಲ ಮೇಲಿಟ್ಟಿದ್ದಳು. ಅಜ್ಜಿ ತಲೆ ಬಾಚಿ, ಕನ್ನಡಕ ಒರೆಸಿ ಕುರ್ಚಿಯಲ್ಲಿ ಕೂತಿದ್ದರು, ತೀರ್ಪು ಹೇಳಲು ಬಂದ ನ್ಯಾಯಾಧೀಶರ ಹಾಗೆ. ಬಾಗಿಲ ಬದಿಯಲ್ಲಿ ಮೇಷ್ಟ್ರು ಫೋನು ಹಿಡಿದಿದ್ದರು. ಟೈಲರ್ ಕಿಟಕಿಯ ಪರದೆ ಎತ್ತಿ ಹಿಡಿದಿದ್ದ.

ಗುಮಾಸ್ತ ಕ್ಯಾಮೆರಾ ಕಣ್ಣಿಗಿಟ್ಟ. ಕಂಡದ್ದು ಮೂಗು ಮತ್ತು ಅರ್ಧ ಕೆನ್ನೆ.

ಒಂದು ಹೆಜ್ಜೆ ಹಿಂದೆ ಸರಿದ. ಮೂಗು, ಎರಡು ಕೆನ್ನೆ.

"ಐದಡಿ ಮುಗೀತು ಅಣ್ಣಾ," ಅಂದ ಟೈಲರ್.

"ಅಜ್ಜೀ, ಕುರ್ಚಿ ಸ್ವಲ್ಪ ಹಿಂದಕ್ಕೆ..."

"ನಾನು ಅಲ್ಲಾಡಲ್ಲ. ನೀನು ಬೇಕಾದ್ರೆ ಪಕ್ಕದ ಬೀದಿಗೆ ಹೋಗಿ ತೆಗಿ."

ಗುಮಾಸ್ತ ಕ್ಯಾಮೆರಾ ಇಳಿಸದೆ ಹೊಸ್ತಿಲು ದಾಟಿದ. ಹಣೆ ಬಂತು. ಗಲ್ಲ ಬಂತು.

"ರೀ, ಹಿಂದೆ ನೋಡ್ರೀ!" ಅಂದಳು ಹೆಂಡತಿ.

"ಶ್! ಮಾತಾಡ್ಬೇಡ."

ಇನ್ನೊಂದು ಹೆಜ್ಜೆ. ಭುಜ ಬಂತು. ಎಡಗಾಲಿಗೆ ಏನೋ ತಣ್ಣಗೆ ತಾಗಿತು. ಅದನ್ನು ವಿಚಾರಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಏಕೆಂದರೆ ಆ ಕ್ಷಣದಲ್ಲಿ ಕ್ಯಾಮೆರಾ ತಾನಾಗಿಯೇ ಅಜ್ಜಿಯ ಕಣ್ಣನ್ನು ಹುಡುಕಿ, ಅದರ ಮೇಲೆ ಪುಟ್ಟ ಚೌಕವಿಟ್ಟಿತು. ಮತ್ತು ಅಜ್ಜಿ ನಕ್ಕರು. ತನ್ನ ಮೂವತ್ತೈದು ವರ್ಷದಲ್ಲಿ ಅವನು ಆ ನಗು ನೋಡಿರಲಿಲ್ಲ. ಮುಖದ ಗೆರೆಗಳೆಲ್ಲ ಒಟ್ಟಿಗೆ ಎದ್ದು ನಿಂತು ಜಾಗ ಬಿಟ್ಟುಕೊಟ್ಟ ಹಾಗೆ, ಒಳಗಿಂದ ಹದಿನೆಂಟರ ಹುಡುಗಿಯೊಬ್ಬಳು ಹೊರಗೆ ಬಂದಳು.

ಕ್ಲಿಕ್.

ಫೋಟೋ ನೋಡಲು ಎಲ್ಲರೂ ಕ್ಯಾಮೆರಾದ ಹಿಂದಿನ ಪರದೆಯ ಸುತ್ತ ತಲೆ ಸೇರಿಸಿದರು. ರೆಪ್ಪೆಯ ಬಿಳಿ ಕೂದಲು ಕಾಣುತ್ತಿತ್ತು. ಕಣ್ಣಿನೊಳಗೆ ಬಾಗಿಲಿನ ಬೆಳಕು ಚಿಕ್ಕ ಚೌಕವಾಗಿ ಕೂತಿತ್ತು. ಟೈಲರ್ ಕಿಟಕಿಯ ಪರದೆ ಬಿಟ್ಟು ಬಂದು ಕೈಮುಗಿದ. ಯಾರಿಗೆ ಮುಗಿದನೋ, ಅಜ್ಜಿಗೋ ಲೆನ್ಸಿಗೋ, ಅವನಿಗೇ ಗೊತ್ತಿರಲಿಲ್ಲ.

"ನೋಡ್ದ್ಯಾ?" ಗುಮಾಸ್ತ ಹೆಂಡತಿಗೆ ಮೆಲ್ಲಗೆ ಅಂದ. "ನನ್ನ ಕಂಡು ಹೇಗೆ ನಕ್ಕಿದ್ದಾರೆ!"

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಜ್ಜಿ ಕ್ಯಾಮೆರಾವನ್ನು ಮೂಗಿನ ಹತ್ತಿರ ಹಿಡಿದು ಕೇಳಿದರು:

"ಅವರೆಲ್ಲಿ?"

ತಾತ ಇರಲಿಲ್ಲ. ಭುಜದ ಹಿಂದೆ, ತಾತ ಇರಬೇಕಾದಲ್ಲಿ, ಬೂದು ಬಣ್ಣದ ಮೋಡವೊಂದು ತೇಲುತ್ತಿತ್ತು.

"ಇದು ಲೆನ್ಸಿನ ಗುಣ ಅಜ್ಜಿ... ಹಿಂದಿನದನ್ನೆಲ್ಲ ಕರಗಿಸುತ್ತೆ. ಇನ್ನೊಂದು ತೆಗೆದ್ರೆ, ಬೇರೆ ಥರ ಇಟ್ಟು..."

"ಒಂದು ಅಂದಿದ್ದೆ," ಅಂದು ಅಜ್ಜಿ ಎದ್ದರು. "ಐವತ್ತು ವರ್ಷ ಮನೇಲಿದ್ದೂ ಇಲ್ಲದ ಹಾಗೇ ಇದ್ರು. ಫೋಟೋದಲ್ಲೂ ಹಾಗೇನಾ?"

ಆಗ ಮೇಷ್ಟ್ರು ಕೆಮ್ಮಿದರು. "ಅಮ್ಮಾ, ಅವನು ಒತ್ತಿದಾಗಲೇ ನಾನೂ ಒತ್ತಿದ್ದೆ."

ಫೋನಿನ ಚಿತ್ರದಲ್ಲಿ ಎಲ್ಲವೂ ಇತ್ತು. ಅದೇ ನಗುವಿನ ಅಜ್ಜಿ ಇದ್ದರು. ಹಿಂದೆ ತಾತ ಇದ್ದರು. ತಾತನ ಪಕ್ಕ, ಬೀರುವಿನ ಕನ್ನಡಿಯಲ್ಲಿ, ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡು, ಎಡಗಾಲನ್ನು ಮೊಣಕಾಲವರೆಗೆ ಬಕೆಟ್ಟಿನಲ್ಲಿಟ್ಟುಕೊಂಡ ವೇಳಾಪಟ್ಟಿ ಗುಮಾಸ್ತ ಇದ್ದ.

ಗುಮಾಸ್ತ ತನ್ನ ಪ್ಯಾಂಟು ನೋಡಿಕೊಂಡ. ಅಜ್ಜಿ ಮತ್ತೆ ನಗತೊಡಗಿದ್ದರು.

"ಇದೇ ಇರಲಿ," ಅಂದರು. "ಇದರಲ್ಲಿ ಎಲ್ಲರೂ ಇದ್ದಾರೆ."

ಮರುದಿನ ಹತ್ತೂವರೆಗೆ ಮೇಷ್ಟ್ರ ಫೋಟೋವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಚೌಕಟ್ಟು ಕಟ್ಟಿಸಿ ತಾತನ ಪಕ್ಕ ತೂಗುಹಾಕಲಾಯಿತು. ಅದರಲ್ಲಿ ಬಕೆಟ್ಟಿನ ಹಿಡಿಯೂ ಸ್ಪಷ್ಟವಾಗಿ ಕಾಣುತ್ತದೆ.