ನಿಂತ ಬಸ್ಸಿನ ನಿಂಬೆಹಣ್ಣು

ಆಯುಧ ಪೂಜೆಯಂದು ಚಕ್ರದಡಿ ಇಟ್ಟ ನಿಂಬೆಹಣ್ಣು ಆ ಚಕ್ರ ಹರಿದೇ ಅಪ್ಪಚ್ಚಿಯಾಗಬೇಕು. ಆಗದಿದ್ದರೆ ಪೂಜೆ ಮುಗಿದಿಲ್ಲವೆಂದೇ ಅರ್ಥ. ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿರುವ ಕನ್ನಡ ಬಳಗಕ್ಕಾಗಲಿ, ಇಂಗ್ಲೆಂಡಿನಲ್ಲಿರುವ ಹಳೆಯ ಬಸ್ಸುಗಳ ವಸ್ತುಸಂಗ್ರಹಾಲಯಕ್ಕಾಗಲಿ ಈ ವಿಷಯದಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ.

ಎಲ್ಲ ಶುರುವಾದದ್ದು ಒಂದು ಸಾಧಾರಣ ಶನಿವಾರ. ಕೊಲಂಬಿಯಾಕ್ಕೆ ಹತ್ತಿರದ ಲ್ಯಾನ್‌ಹ್ಯಾಮ್ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿನ್ನುತ್ತಾ ಬಳಗದವರು ‘ಪಾರಂಪರಿಕ ವಾಹನ ವೀಕ್ಷಣಾ ಉಪಸಮಿತಿ’ಯನ್ನು ರಚಿಸಿದರು. ಬ್ರಿಟನ್ನಿನ ಹಳೆಯ ಬಸ್ಸು, ಟ್ರಾಮು, ರೈಲುಗಳನ್ನು ಕಂಡು ಬರುವುದು ಅದರ ಧ್ಯೇಯ. ದಿನಾಂಕ ನಿಗದಿಯಾಯಿತು, ಟೀ ಶರ್ಟುಗಳು ಅಚ್ಚಾದವು. ಆಮೇಲೆ ನೋಡಿದರೆ ಹೆಚ್ಚುಕಡಿಮೆ ಎಲ್ಲರ ವೀಸಾ ಸ್ಟ್ಯಾಂಪಿಂಗ್ ಬಾಕಿ. ಅಮೆರಿಕ ಬಿಟ್ಟರೆ ವಾಪಸ್ ಬರುವ ಖಾತ್ರಿಯಿಲ್ಲ. ಆದ್ದರಿಂದ, ಇಲ್ಲಿಯ ಪೌರತ್ವವಿದ್ದ ಏಕೈಕ ಸದಸ್ಯರಾದ ಕೇಶವಮೂರ್ತಿಗಳು ಎಲ್ಲರ ಪರವಾಗಿ ಹೋಗತಕ್ಕದ್ದು, ಉಳಿದವರು ಅಧ್ಯಕ್ಷ ಪ್ರಶಾಂತನ ಬೇಸ್‌ಮೆಂಟಿನಲ್ಲಿ ದೊಡ್ಡ ಟಿವಿಯ ಮುಂದೆ ಕೂತು ವಿಡಿಯೋ ಮೂಲಕ ಭೇಟಿ ನೀಡತಕ್ಕದ್ದು ಎಂದು ಠರಾವಾಯಿತು. ಟೀ ಶರ್ಟನ್ನು ಮಾತ್ರ ಎಲ್ಲರೂ ಧರಿಸತಕ್ಕದ್ದು.

ಕೇಶವಮೂರ್ತಿಗಳು ಒಪ್ಪಿದ್ದಕ್ಕೆ ಕಾರಣ ಬೇರೆ. ಮದುವೆಯಾದ ಹೊಸದರಲ್ಲಿ ಅವರೂ ಹೆಂಡತಿ ಕಾತ್ಯಾಯಿನಿಯೂ ಬೆಂಗಳೂರಿನಲ್ಲಿ ಭಾನುವಾರ ಡಬಲ್ ಡೆಕ್ಕರ್ ಹತ್ತಿ, ಮೇಲಿನ ಮಹಡಿಯ ಮುಂದಿನ ಸೀಟಿಗಾಗಿ ಚಿಕ್ಕ ಮಕ್ಕಳೊಡನೆ ಪೈಪೋಟಿ ಮಾಡುತ್ತಿದ್ದರು. “ಕಿಟಕಿ ನಂದು” ಎಂದು ಕಾತ್ಯಾಯಿನಿ ಮೆಟ್ಟಿಲಲ್ಲೇ ಘೋಷಿಸುತ್ತಿದ್ದರು. ಅಂಥದೇ ಬಸ್ಸು ಇಂಗ್ಲೆಂಡಿನಲ್ಲಿದೆಯೆಂದು ಪತ್ತೆಹಚ್ಚಿ, ಹೋಗಿ ಕೂತು ಬರೋಣ ಎಂದವರೂ ಅವರೇ. ಕಾತ್ಯಾಯಿನಿ ತೀರಿಕೊಂಡು ವರ್ಷವಾಗಿತ್ತು. ಆ ಸೀಟಿನಲ್ಲಿ ಒಂದು ಸಲ ಕೂತು ಬರಬೇಕು ಎನ್ನುವುದಷ್ಟೇ ಕೇಶವಮೂರ್ತಿಗಳ ಆಸೆ.

ಇಂಗ್ಲೆಂಡಿನ ವಸ್ತುಸಂಗ್ರಹಾಲಯದಲ್ಲಿ ಬಸ್ಸು ಸಿಕ್ಕಿತು. ಮೆಟ್ಟಿಲಿಗೆ ಅಡ್ಡಲಾಗಿ ಸರಪಳಿಯಿತ್ತು.

“ಮೇಲಿನ ಮಹಡಿ ಪ್ರಯಾಣಿಕರಿಗೆ ಮಾತ್ರ,” ಎಂದರು ಸಂರಕ್ಷಣಾಧಿಕಾರಿ ಹ್ಯಾರಿಯೆಟ್.

“ಪ್ರಯಾಣಿಕನಾಗುವುದು ಹೇಗೆ?”

“ಬಸ್ಸು ಚಲಿಸುತ್ತಿರಬೇಕು.”

“ಯಾವಾಗ ಚಲಿಸುತ್ತದೆ?”

“ಇದು ಚಲಿಸುವುದಿಲ್ಲ,” ಎಂದು ಹ್ಯಾರಿಯೆಟ್ ಬಹಳ ಸೌಜನ್ಯದಿಂದ ಹೇಳಿ ಹೋದರು.

ಫೋನಿನಲ್ಲಿ ಬಳಗದ ಕಾರ್ಯದರ್ಶಿ ಸ್ಮಿತಾ ನಿಟ್ಟುಸಿರಿಟ್ಟಳು. “ಅಂಕಲ್, ಆಂಟಿ ಇದ್ದಿದ್ರೆ ಇಷ್ಟೊತ್ತಿಗೆ ಸರಪಳಿ ದಾಟಿರೋರು.”

“ಹೌದಮ್ಮ. ನಾನು ಕೆಳಗೆ ನಿಂತು ಅವಳ ಬ್ಯಾಗ್ ಹಿಡ್ಕೊಂಡಿರ್ತಿದ್ದೆ.”

“ಬಿಡಿ ಅಂಕಲ್,” ಎಂದ ಪ್ರಶಾಂತ, ಚಿತ್ರಾನ್ನ ಅಗಿಯುತ್ತಾ. “ಇವತ್ತು ಆಯುಧ ಪೂಜೆ. ಗಾಡಿ ಮುಂದೆ ನಿಂತ್ಕೊಂಡು ಬರೀ ಕೈಲಿ ಬರ್ತೀರಾ?”

ಮಾತು ಸರಿಯೆನಿಸಿತು. ಜೇಬಿನಲ್ಲಿ ಲ್ಯಾನ್‌ಹ್ಯಾಮಿನ ಕುಂಕುಮದ ಪೊಟ್ಟಣವಿತ್ತು. ಕೆಮ್ಮಿಗೆಂದು ಕೊಂಡ ಎರಡು ನಿಂಬೆಹಣ್ಣುಗಳಿದ್ದವು. ಅವರು ಬಸ್ಸಿಗೆ ಕುಂಕುಮವಿಟ್ಟು, ಮುಂದಿನ ಚಕ್ರಗಳಡಿ ಹಣ್ಣಿಟ್ಟು, ಕೈಮುಗಿದರು. ಬಸ್ಸು ಮುಂದೆ ಹೋಗುವುದಿಲ್ಲ ಎಂಬುದು ನೆನಪಾದದ್ದು ಆಮೇಲೆ.

ಹ್ಯಾರಿಯೆಟ್ ಬಂದು ನೋಡಿದರು, ಬೈಯಲಿಲ್ಲ. ಪ್ರದರ್ಶಿತ ವಾಹನಕ್ಕೆ ತಾಗಿರುವ ಯಾವ ವಸ್ತುವನ್ನೂ ಪರಿಶೀಲನೆಯಾಗದೆ ತೆಗೆಯುವಂತಿಲ್ಲ ಎಂಬ ನಿಯಮದಂತೆ ಹಣ್ಣುಗಳಿಗೆ ಬೇಲಿ ಹಾಕಿಸಿದರು. ಮುಂದೆ ಫಲಕ ಬಂತು: ‘ನಿಂಬೆಹಣ್ಣು, ಎರಡು. ಮುಟ್ಟಬಾರದು.’ ಪರಿಶೀಲಿಸಬೇಕಾದ ತಜ್ಞರು ರಜೆಯಲ್ಲಿದ್ದರು.

ಇತ್ತ ಕೊಲಂಬಿಯಾದಲ್ಲಿ ಸ್ಮಿತಾಳ ಕಾರಿಗೆ ಪಾರ್ಕಿಂಗ್ ಟಿಕೆಟ್ ಬಿತ್ತು. ಪ್ರಶಾಂತನ ಟೈರು ಪಂಕ್ಚರಾಯಿತು. ಎರಡಕ್ಕೂ ಅಪೂರ್ಣ ಪೂಜೆಯೇ ಕಾರಣವೆಂದು ತುರ್ತು ಸಭೆ ನಿರ್ಣಯಿಸಿತು. ಪೂಜೆ ಮುಗಿಯುವವರೆಗೆ ಅಲ್ಲೇ ಇರತಕ್ಕದ್ದೆಂದು ಕೇಶವಮೂರ್ತಿಗಳಿಗೆ ಆದೇಶ ಹೋಯಿತು.

ವಾರ ಕಳೆಯುವಷ್ಟರಲ್ಲಿ ಹಣ್ಣು ಮೆತ್ತಗಾಗತೊಡಗಿತು. ಆಗ ಎರಡನೆಯ ನಿಯಮ ಎದ್ದು ನಿಂತಿತು: ಕೊಳೆಯುವ ವಸ್ತು ವಾಹನದ ಬಳಿ ಇರಕೂಡದು. ತೆಗೆಯುವಂತಿಲ್ಲ, ಇಡುವಂತಿಲ್ಲ. ಸಂಗ್ರಹಾಲಯದ ಆಡಳಿತ ಮಂಡಳಿ ಒಂದು ಮಧ್ಯಾಹ್ನವಿಡೀ ಚಹಾ ಕುಡಿದು, ಹಣ್ಣನ್ನು ಸರಿಸಲಾಗದ ಕಾರಣ ಬಸ್ಸನ್ನೇ ಸರಿಸತಕ್ಕದ್ದೆಂದು ತೀರ್ಮಾನಿಸಿತು.

“ಆದರೆ,” ಎಂದರು ಹ್ಯಾರಿಯೆಟ್, “ನಮ್ಮಲ್ಲಿ ಖಾಲಿ ಬಸ್ಸು ಓಡಿಸುವಂತಿಲ್ಲ. ಒಬ್ಬ ಪ್ರಯಾಣಿಕರಾದರೂ ಬೇಕು.”

ಕೇಶವಮೂರ್ತಿಗಳು ಸರಪಳಿಯತ್ತ ನೋಡಿದರು.

“ಅಂಕಲ್, ಕೈ ಎತ್ತಿ,” ಎಂದಳು ಸ್ಮಿತಾ ಫೋನಿನೊಳಗಿಂದ.

ಅವರು ಕೈ ಎತ್ತಿದರು. ಹ್ಯಾರಿಯೆಟ್ ಸರಪಳಿ ಕಳಚಿದರು. ಟ್ರ್ಯಾಕ್ಟರಿಗೆ ಕಟ್ಟಿದ ಬಸ್ಸು ಒಂದು ಮೊಳ ಮುಂದಕ್ಕೆ ಹೋಯಿತು. ಹಣ್ಣೆರಡೂ ಪಚಕ್ ಎಂದವು. ಮೇಲಿಂದ ತೋರಿಸುತ್ತಿದ್ದ ಫೋನು ಅಲುಗಾಡಿ ಪ್ರಶಾಂತನಿಗೆ ತಲೆ ಸುತ್ತಿತು. ಅದನ್ನು ಪ್ರಯಾಣದ ಆಯಾಸವೆಂದು ದಾಖಲಿಸಿ, ಇಡೀ ಉಪಸಮಿತಿ ಬ್ರಿಟನ್ನಿನಲ್ಲಿ ಡಬಲ್ ಡೆಕ್ಕರ್ ಸವಾರಿ ಮಾಡಿತೆಂದು ವರದಿ ಬರೆಯಲಾಯಿತು.

ಈಗ ಸಂಗ್ರಹಾಲಯದ ಬಾಗಿಲಲ್ಲಿ ಪ್ರಕಟಣೆಯಿದೆ: ‘ಈ ಬಸ್ಸು ವರ್ಷಕ್ಕೊಮ್ಮೆ ಒಂದು ಮೊಳ ಸಂಚರಿಸುವುದು. ನಿಂಬೆಹಣ್ಣನ್ನು ಸಂದರ್ಶಕರೇ ತರತಕ್ಕದ್ದು.’ ಕೊಲಂಬಿಯಾದಲ್ಲಿ ನಿಂಬೆಹಣ್ಣು ಆಯ್ಕೆ ಉಪಸಮಿತಿ ಕೆಲಸ ಆರಂಭಿಸಿದೆ.

ಆ ದಿನ ಹ್ಯಾರಿಯೆಟ್ ಕೆಳಗೆ ನಿಂತು ತೆಗೆದ ಫೋಟೋ ಬಳಗದ ವೆಬ್‌ಸೈಟಿನಲ್ಲಿದೆ. ಅದರಲ್ಲಿ ಕೇಶವಮೂರ್ತಿಗಳು ಮೇಲಿನ ಮಹಡಿಯ ಮುಂದಿನ ಸೀಟಿನಲ್ಲಿ, ಕಿಟಕಿಯ ಜಾಗ ಬಿಟ್ಟು ಕೂತಿದ್ದಾರೆ.