ಮೇಲ್ದವಡೆ ಎಳೆಯುವ ಯಂತ್ರ

"ಸುಗುಣಾ, ಇನ್ನು ಹಲ್ಲಿನ ಡಾಕ್ಟರ ಹಂಗೇ ಬೇಡ! ಹತ್ತು ನಿಮಿಷ, ಅಷ್ಟೇ!" ಎಂದು ನನ್ನ ಭಾವ ಫಣೀಂದ್ರ ಜಗಲಿಯ ಮೇಲೆ ಯಂತ್ರವೊಂದನ್ನು ತಂದಿಟ್ಟರು. ಹಳೆಯ ಕುಕ್ಕರ್, ಅದರ ನೆತ್ತಿಗೆ ಎರಡು ರೇಡಿಯೋ ಆಂಟೆನಾ, ಹೊಟ್ಟೆಗೆ ಒಂದು ಕೆಂಪು ದೀಪ. ನನಗೆ ತಲೆಬುಡ ತಿಳಿಯಲಿಲ್ಲ.

ನನ್ನ ಮಗಳು ಇಂಪನಾಗೆ ಎಂಟು ವರ್ಷ. ಬಾಯಿ ಮುಚ್ಚಿದರೆ ಕೆಳಗಿನ ಹಲ್ಲು ಮೇಲಿನದಕ್ಕಿಂತ ಮುಂದೆ ಬರುತ್ತದೆ. ಡಾಕ್ಟರಮ್ಮ, "ಎಳೆ ಮೂಳೆ, ಈಗಾದ್ರೆ ಹೇಳಿದ ಮಾತು ಕೇಳುತ್ತೆ. ಮುಖಕ್ಕೆ ಪಟ್ಟಿ ಹಾಕಿ ಮೇಲ್ದವಡೆನ ಮುಂದಕ್ಕೆ ಎಳೆಯೋಣ. ತಡ ಮಾಡ್ಬೇಡಿ" ಎಂದಿದ್ದರು. ಪಟ್ಟಿಯ ಚಿತ್ರ ನೋಡಿದ್ದೇ ತಡ, ಇಂಪನಾ "ಇದು ಕುದುರೆಗೆ ಹಾಕೋದು! ನಾನು ಹಾಕ್ಕೊಳಲ್ಲ!" ಎಂದು ಮೂರು ದಿನ ಅತ್ತಳು. ವಯಸ್ಸು ನಿಲ್ಲುವುದಿಲ್ಲ, ಮಗು ಒಪ್ಪುವುದಿಲ್ಲ. ಚಿಂತೆಗೆ ನನಗೆ ಊಟವೇ ಸೇರುತ್ತಿರಲಿಲ್ಲ. ಅದಕ್ಕೇ ಭಾವನಿಗೆ ಹೂಂ ಅಂದದ್ದು. ಇಲ್ಲದಿದ್ದರೆ, ಮಿಕ್ಸಿ ರಿಪೇರಿ ಮಾಡಿ ಗೋಡೆಗೆಲ್ಲ ಚಟ್ನಿ ಬಳಿದವರನ್ನು ಯಾರು ನಂಬುತ್ತಾರೆ?

"ಇವಳ ಬಿದ್ದ ಹಾಲುಹಲ್ಲು ಒಂದನ್ನ ಒಳಗಿಟ್ಟಿದ್ದೀನಿ. ಅದರ ಜಾಡು ಹಿಡಿದು ಯಂತ್ರ ಇವಳ ಹಲ್ಲುಗಳೆಲ್ಲ ಎಲ್ಲಿವೆ ಅಂತ ಪತ್ತೆ ಮಾಡುತ್ತೆ. ಮೇಲಿರೋದನ್ನ ಮುಂದಕ್ಕೆಳೆಯುತ್ತೆ, ಕೆಳಗಿರೋದನ್ನ ಮುಟ್ಟಲ್ಲ!"

"ನೋಯುತ್ತಾ ದೊಡ್ಡಪ್ಪ?"

"ಕಚಗುಳಿ ಕೂಡ ಆಗಲ್ಲ!"

ಕಚಗುಳಿ ಆಗಲಿಲ್ಲ, ನಿಜ. ಗುಂಡಿ ಒತ್ತಿದೊಡನೆ ತಲೆಯ ಮೇಲೆ ಟಕ್ ಎಂದಿತು. ಒಂದು ಹೆಂಚು ಅಂಗಳಕ್ಕೆ ಬಿತ್ತು.

"ಬೆಕ್ಕಿರಬೇಕು" ಎಂದರು ಭಾವ.

ಬೆಕ್ಕು ನನ್ನ ಕಾಲ ಬುಡದಲ್ಲೇ ಕೂತಿತ್ತು!

ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಕೂಗಿದರು: "ಸುಗುಣಾ! ಒಲೆ ಮೇಲೆ ಬಿಸಿಲು ಬೀಳ್ತಿದೆ ಕಣೇ! ಮಾಡು ಎಲ್ಲಿಗೆ ಹೋಯ್ತು?"

ಮಾಡು ಮುಂದಕ್ಕೆ ಬರುತ್ತಿತ್ತು. ಇಡೀ ಹೆಂಚಿನ ಮಾಡು, ತೊಲೆ ಸಮೇತ, ಕಿರ್ರೆನ್ನುತ್ತ!

"ನಿಲ್ಸಿ ಭಾವ!"

"ಮೇಲಿಂದು ಕೆಳಗಿಂದಕ್ಕಿಂತ ಎರಡು ಮಿಲಿಮೀಟರ್ ಮುಂದೆ ಹೋಗೋವರೆಗೂ ಅದು ನಿಲ್ಲಲ್ಲಮ್ಮ! ಅದೇ ಅದರ ಹೆಚ್ಚುಗಾರಿಕೆ!"

"ಹಲ್ಲು ಎಳೆಯೋದು ಬಿಟ್ಟು ಮಾಡನ್ನ ಯಾಕೆ ಎಳೀತಿದೆ?"

ಅತ್ತೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಆ ಒಂದು ಬಿಟ್ಟು ಅವಳ ಬಿದ್ದ ಹಲ್ಲನ್ನೆಲ್ಲ ಸಗಣೀಲಿಟ್ಟು ಮಾಡಿನ ಮೇಲೆ ಎಸೆದೋಳು ನಾನೇ. ಹಾಗೆ ಎಸೆದ್ರೆ ತಾನೆ ಹೊಸ ಹಲ್ಲು ಚೆನ್ನಾಗಿ ಬರೋದು?"

ಭಾವ ಹಣೆ ಚಚ್ಚಿಕೊಂಡರು. ಯಂತ್ರದ ಲೆಕ್ಕದಲ್ಲಿ ಮಾಡಿನ ಮೇಲಿದ್ದ ಆರು ಹಲ್ಲು ಮೇಲಿನವು. ಮಗುವಿನ ಬಾಯಲ್ಲಿರುವುದೆಲ್ಲ ಕೆಳಗಿನವು!

ಇಂಪನಾ ಹೆದರಿ ಬೀದಿಗೆ ಓಡಿದಳು. ಕೆಳಗಿನ ಹಲ್ಲು ಮುಂದೆ ಓಡಿದರೆ ಮೇಲಿನದು ಸುಮ್ಮನಿರುತ್ತದೆಯೇ? ಮಾಡೂ ಬೆನ್ನಟ್ಟಿತು! ಎದುರುಮನೆಯ ಸುನಂದಮ್ಮ "ಏನ್ರೀ, ಮಾಡು ಬೀದಿಗೆ ತರೋಕೆ ಪುರಸಭೆ ಪರ್ಮಿಶನ್ ತಗೊಂಡಿದ್ದೀರಾ?" ಎಂದರು.

"ಓಡ್ಬೇಡ ಪುಟ್ಟಿ! ಹಿಂದಕ್ಕೆ ಬಾ, ಮಾಡಿನ ಕೆಳಗೆ ಬಾ!" ಎಂದು ಕಿರುಚಿದೆ. ಹೆತ್ತ ತಾಯಿ ಹೇಳುವ ಮಾತೇ ಅದು? ಮಗು ಕಣ್ಣು ಮುಚ್ಚಿಕೊಂಡು ನನ್ನ ಸೆರಗಿನತ್ತ ಓಡಿಬಂತು. ಮೇಲಿನದು ಮುಂದಾಯಿತು. ಕುಕ್ಕರ್ ಸೀಟಿ ಹೊಡೆಯಿತು, ದೀಪ ಆರಿತು. ಮಾಡು ಬೀದಿಯ ಕಡೆಗೆ ಎಂಟು ಅಡಿ ಚಾಚಿಕೊಂಡು ನಿಂತಿತು.

ಇಂಪನಾ ಸೆರಗಿನೊಳಗಿಂದಲೇ, "ಅಮ್ಮಾ, ನಂಗೆ ಕುದುರೆ ಪಟ್ಟಿನೇ ಸಾಕು. ನಾಳೇನೇ ಹೋಗೋಣ" ಎಂದಳು. ಅಳಬೇಕೋ ನಗಬೇಕೋ ತಿಳಿಯದೆ ಅವಳನ್ನು ಅಪ್ಪಿಕೊಂಡೆ.

ಹತ್ತು ತಿಂಗಳು ಹಟವಿಲ್ಲದೆ ಹಾಕಿಕೊಂಡಳು. ಈಗ ಅವಳ ಮೇಲಿನ ಹಲ್ಲು ಇರಬೇಕಾದಲ್ಲೇ ಇದೆ. ಮೊನ್ನೆ ಪಟ್ಟಿ ತೆಗೆಸಲು ಹೋದಾಗ ಭಾವ ಮೆಲ್ಲಗೆ, "ಡಾಕ್ಟ್ರೇ, ನಮ್ಮ ಮಾಡನ್ನ ಹಿಂದಕ್ಕೆ ಸರಿಸೋಕೂ ಏನಾದ್ರೂ ಪಟ್ಟಿ ಇದೆಯಾ?" ಎಂದರು.

"ಮನೆಗೆ ವಯಸ್ಸೆಷ್ಟು?"

"ಅರವತ್ತೆರಡು."

"ಬೆಳೆಯೋ ವಯಸ್ಸು ದಾಟಿಬಿಟ್ಟಿದೆಯಲ್ಲ ಸಾರ್!"

ಅಂದಿನಿಂದ ಭಾವ ದಿನಾ ಪುರಸಭೆಗೆ ಹೋಗುತ್ತಿದ್ದಾರೆ. ಶಾಲೆಗೆ ಸೇರಿಸುವಾಗ ಮಕ್ಕಳಿಗೆ ಮಾಡುವಂತೆ, ಮನೆಗೂ ಒಂದಿಷ್ಟು ವಯಸ್ಸು ಕಡಿಮೆ ಬರೆಸಲು ಆಗುತ್ತದೆಯೇ ಎಂದು ವಿಚಾರಿಸಲು.