ಕನ್ನೊಳ್ಳಿಯ ಕೆಂಪು ತ್ರಿಕೋನವನ್ನು ನೀಲಿ ಮಾಡುವ ಕುರಿತು

ಕಾಲುವೆ ನೀರು ಚಿತ್ರಣ ಶಾಖೆ
ಸುತ್ತೋಲೆ ಸಂಖ್ಯೆ: ಕಾನೀಚಿ/ತ್ರಿಕೋನ/ಕೆಂಪು/೧೭/೨೦೨೪-೨೫

ವಿಷಯ: ಕಂಪ್ಯೂಟರಿನ ಜಾಲಚಿತ್ರದಲ್ಲಿ ಅನುಮತಿಯಿಲ್ಲದೆ ಕೆಂಪು ಕಾಣಿಸಿಕೊಂಡಿರುವ ಬಗ್ಗೆ.

ಉಲ್ಲೇಖ: ೧) ಕನ್ನೊಳ್ಳಿಯ ಬಾಳಮ್ಮ ಇವರ ಮೌಖಿಕ ಅರ್ಜಿ.
೨) ಅದೇ ಅರ್ಜಿ, ಇನ್ನೂ ಗಟ್ಟಿ ದನಿಯಲ್ಲಿ.

ಶಾಖೆಯ ಸಹಾಯಕ ಎಂಜಿನಿಯರ್ ವಿದ್ಯಾವತಿ ಇವರು ಉಪಕಾಲುವೆಯ ಕೆಳಗಿನ ಹೊಲಗಳನ್ನು ನಕ್ಷೆ ರಚಿಸುವ ಸಾಫ್ಟ್‌ವೇರಿನಲ್ಲಿ ೪,೨೧೬ ತ್ರಿಕೋನಗಳ ಜಾಲವಾಗಿ ಬಿಡಿಸಿ, ಒಂದೊಂದಕ್ಕೂ ನೀರಿನ ಅಳತೆ ತುಂಬಿ, ನೀರು ತಲುಪಿದ್ದಕ್ಕೆ ನೀಲಿ, ತಲುಪದ್ದಕ್ಕೆ ಕೆಂಪು ಬರುವಂತೆ ಚಿತ್ರ ತೆಗೆದು, ಯಾರನ್ನೂ ಕೇಳದೆ ನೋಟಿಸ್ ಬೋರ್ಡಿಗೆ ಹಚ್ಚಿರುತ್ತಾರೆ. ೩೦೮ನೇ ತ್ರಿಕೋನ ಕೆಂಪಾಗಿದ್ದು, ಅದರಲ್ಲಿ ಬಾಳಮ್ಮನವರ ಉಳ್ಳಾಗಡ್ಡಿ ಬೆಳೆ ಒಣಗುತ್ತಿದೆ. ಸದರಿಯವರು ಕಚೇರಿಗೆ ಬಂದು, "ನನ್ನ ಹೊಲಾ ಒಂದ ಯಾಕ ಕೆಂಪ ಐತ್ರಿ ಸಾಹೇಬ್ರ? ನೀರರ ಬಿಡ್ರಿ, ಇಲ್ಲಾ ಆ ಬಣ್ಣರ ತಗೀರಿ" ಎಂದು ಹೇಳಿಕೆ ನೀಡಿರುತ್ತಾರೆ. ಎರಡರಲ್ಲಿ ಎರಡನೆಯದು ಸುಲಭವೆಂದು ಮನಗಂಡು ಈ ಕೆಳಗಿನಂತೆ ಆದೇಶಿಸಲಾಗಿದೆ:

೧. ಇನ್ನು ಮುಂದೆ ಯಾವ ತ್ರಿಕೋನವೂ ಕೆಂಪಾಗತಕ್ಕದ್ದಲ್ಲ. ಆಗಲೇಬೇಕಿದ್ದಲ್ಲಿ ಹದಿನೈದು ದಿನ ಮುಂಚಿತವಾಗಿ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು.

೨. ೩೦೮ನೇ ತ್ರಿಕೋನಕ್ಕೆ ಸ್ಕೆಚ್ ಪೆನ್ನಿನಿಂದ ನೀಲಿ ತುಂಬಲಾಗಿದೆ. ಚಿತ್ರದಲ್ಲಿ ನೀರು ತಲುಪಿರುವುದರಿಂದ, ಹೊಲಕ್ಕೆ ತಲುಪಿಲ್ಲವೆಂಬ ದೂರನ್ನು ಮುಕ್ತಾಯಗೊಳಿಸಲಾಗಿದೆ.

೩. ಜಾಲದ ಗೆರೆಗಳು ಹೊಲದ ಬದುಗಳಲ್ಲ. ಕಲ್ಮೇಶ ಎಂಬ ರೈತರು ತಮ್ಮ ತ್ರಿಕೋನದ ಮೂರೂ ಮೂಲೆಗೆ ಕಲ್ಲು ನೆಟ್ಟು, ನಾಲ್ಕನೆಯ ಮೂಲೆಯನ್ನು ಪಕ್ಕದವರು ಒತ್ತುವರಿ ಮಾಡಿದ್ದಾರೆಂದು ದೂರಿರುತ್ತಾರೆ. ಸದರಿ ಮೂಲೆಯನ್ನು ಹುಡುಕಲು ಸಮಿತಿ ರಚಿಸಲಾಗಿದೆ.

೪. ಚಿತ್ರವನ್ನು ಪರದೆಯ ಮೇಲೆ ತಿರುಗಿಸುವಾಗ ಮುದ್ದೇಬಿಹಾಳವು ಇಂಡಿ ತಾಲೂಕಿನ ಮೇಲೆ ಬಂದಿದ್ದಕ್ಕೆ ಇಂಡಿ ಶಾಖೆ ಆಕ್ಷೇಪಿಸಿದೆ. ಆದ್ದರಿಂದ ಊಟದ ವಿರಾಮದಲ್ಲಿ ಮಾತ್ರ ತಿರುಗಿಸತಕ್ಕದ್ದು.

೫. ಚಿತ್ರವನ್ನು ಹಿಗ್ಗಿಸಿ ನೋಡಿದರೆ ಸ್ಥಳಪರಿಶೀಲನೆ ಮಾಡಿದಂತೆಯೇ ಸರಿ. ಬೂಟು ಕೆಸರಾಗುವ ಅವಶ್ಯಕತೆ ಇರುವುದಿಲ್ಲ.

೬. "ಬಾಳಮ್ಮನ ಮುಖ ನೋಡಿ ಸಂಕಟವಾಯಿತು" ಎಂದು ವಿದ್ಯಾವತಿಯವರು ಕಡತದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿರುವುದು ಕಂಡುಬಂದಿದೆ. ಸಂಕಟವನ್ನು ಪೆನ್ನಿನಲ್ಲೇ ಬರೆದು, ದಿನಾಂಕ ಹಾಕತಕ್ಕದ್ದು.

೭. ಈ ಸುತ್ತೋಲೆಯ ಕರಡು ಟೈಪಾಗುತ್ತಿರುವಾಗಲೇ ಸದರಿ ವಿದ್ಯಾವತಿಯವರು ಕಾಲುವೆ ಕೆಲಸದ ನಬಿಸಾಬ ಇವರನ್ನು ಕರೆದುಕೊಂಡು ಕನ್ನೊಳ್ಳಿಗೆ ಹೋಗಿ, ತೂಬಿನಲ್ಲಿ ಸಿಕ್ಕಿಕೊಂಡು ನೀರು ತಡೆದಿದ್ದ ಗೊಬ್ಬರದ ಚೀಲವನ್ನು ಜಗ್ಗಿ ತೆಗೆದಿರುತ್ತಾರೆ. ಪರಿಣಾಮವಾಗಿ, ಹೊಸ ಅಳತೆ ತುಂಬಿದೊಡನೆ ೩೦೮ನೇ ತ್ರಿಕೋನವು ಕಂಪ್ಯೂಟರಿನಲ್ಲಿ ತಾನಾಗಿಯೇ ನೀಲಿಯಾಗಿದೆ. ಮಂಜೂರಾದ ನೀಲಿ ಇರುವಾಗ ಇನ್ನೊಂದು ನೀಲಿ ಏಕೆ ಬೇಕಾಯಿತೆಂದು ಮೂರು ದಿನದೊಳಗೆ ವಿವರಣೆ ನೀಡಲು ಈ ಮೂಲಕ ಸೂಚಿಸಲಾಗಿದೆ.

ಸಹಿ/-
(ಶ್ರೀಶೈಲಪ್ಪ)
ಪ್ರಭಾರ ಬಣ್ಣ ನಿಯಂತ್ರಣಾಧಿಕಾರಿ

ಪ್ರತಿಗಳು:
೧. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಶಾಖೆಗಳಿಗೆ, ಓದಿ ಮರೆಯಲು.
೨. ವಿದ್ಯಾವತಿ ಇವರಿಗೆ. (ನಗುತ್ತ ಸ್ವೀಕರಿಸಿದ್ದಾರೆ. ನಗುವಿಗೆ ಪ್ರತ್ಯೇಕ ವಿವರಣೆ ಕೇಳಲಾಗಿದೆ.)
೩. ಬಾಳಮ್ಮ, ಕನ್ನೊಳ್ಳಿ ಇವರಿಗೆ. (ಹೊಲಕ್ಕೆ ನೀರು ಹಾಯಿಸುತ್ತಿದ್ದರು. "ಕೈ ಹಸಿ ಅದಾವ್ರಿ, ಅಲ್ಲೇ ಬದುವಿನ ಮ್ಯಾಲ ಇಡ್ರಿ" ಎಂದರು. ಇಡಲಾಯಿತು. ಪ್ರತಿಯನ್ನು ನೀರು ಒಯ್ದಿರುತ್ತದೆ.)